ಕಾರು ಬಿಡದ ಊರು ಜರ್ಮಾಟ್: ಹೋಗುವುದು ಹೇಗೆ, ಎಷ್ಟು ದಿನ ಇರಬೇಕು, ಯಾವ ಬೆಟ್ಟ ಹತ್ತಬೇಕು

ಸ್ವಿಟ್ಜರ್ಲೆಂಡ್ ಟೂರ್ ಪ್ಯಾಕೇಜ್ ಅಂದರೆ ಟಿಟ್ಲಿಸ್, ಯುಂಗ್‌ಫ್ರೌ, ಲುಸರ್ನ್ ಇದ್ದೇ ಇರುತ್ತವೆ. ಜರ್ಮಾಟ್ ಇದ್ದರೂ ಎಷ್ಟೋ ಸಲ ಬೆಳಿಗ್ಗೆ ಬಂದು ಸಂಜೆ ಹೊರಡುವಷ್ಟು ಮಾತ್ರ. ಟೂರ್ ಬಸ್ಸು ಆ ಊರೊಳಗೆ ಹೋಗುವಂತೆಯೇ ಇಲ್ಲ ನೋಡಿ. ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಅಲ್ಲಿ ಪ್ರವೇಶವಿಲ್ಲ. ಐದು ಕಿಲೋಮೀಟರ್ ಹಿಂದೆ ಟೇಶ್ ಎಂಬ ಹಳ್ಳಿಯಲ್ಲಿ ಗಾಡಿ ಬಿಟ್ಟು ರೈಲು ಹತ್ತಬೇಕು. ಹಾಗಾಗಿ ಈ ಊರನ್ನು ಸರಿಯಾಗಿ ನೋಡಬೇಕೆಂದರೆ ನೀವೇ ಪ್ಲ್ಯಾನ್ ಮಾಡಿಕೊಳ್ಳುವುದು ಒಳ್ಳೆಯದು. ಕಷ್ಟವೇನಿಲ್ಲ. ಕೆಲವು ವಿಷಯ ಮೊದಲೇ ತೀರ್ಮಾನ ಮಾಡಿಕೊಂಡರೆ ದುಡ್ಡೂ ಉಳಿಯುತ್ತದೆ, ಓಡಾಟವೂ ಕಡಿಮೆಯಾಗುತ್ತದೆ.

ಮೊದಲ ತೀರ್ಮಾನ, ಎಷ್ಟು ರಾತ್ರಿ. ಕನಿಷ್ಠ ಎರಡು ಅನ್ನುತ್ತೇನೆ, ಮೂರಾದರೆ ಇನ್ನೂ ನಿಶ್ಚಿಂತೆ. ಜನ ಅಲ್ಲಿಗೆ ಹೋಗುವುದು ಮ್ಯಾಟರ್‌ಹಾರ್ನ್ ನೋಡಲು, 4,478 ಮೀಟರ್ ಎತ್ತರದ ಆ ಒಂಟಿ ಶಿಖರ. ಅದು ನಿಮ್ಮ ಟೈಮ್‌ಟೇಬಲ್ ನೋಡಿಕೊಂಡು ಕಾಣಿಸಿಕೊಳ್ಳುವುದಿಲ್ಲ. ಅಲ್ಲಿಯ ಬೇಸಿಗೆಯಲ್ಲಿ, ಅಂದರೆ ಜೂನ್ ಕೊನೆಯಿಂದಾಚೆ, ಬೆಳಿಗ್ಗೆ ಸ್ವಚ್ಛವಾಗಿದ್ದದ್ದು ಮಧ್ಯಾಹ್ನದ ಹೊತ್ತಿಗೆ ಮೋಡದ ಹಿಂದೆ ಹೋಗುವುದು ಮಾಮೂಲಿ. ಊರಿಗೆ ಎದುರಾಗಿ ಕಾಣುವ ಮುಖಗಳಲ್ಲಿ ಒಂದು ಪೂರ್ವದ್ದು, ಹಾಗಾಗಿ ದಿನದ ಮೊದಲ ಬಿಸಿಲು ಅದರ ಮೇಲೆ ಬೀಳುತ್ತದೆ, ಕೆಲವು ನಿಮಿಷ ತುದಿ ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಅದನ್ನು ನೋಡಬೇಕಾದರೆ ರಾತ್ರಿ ಅಲ್ಲೇ ಇರಬೇಕು. ಚರ್ಚ್ ಹತ್ತಿರ ನದಿಯ ಮೇಲೊಂದು ಸೇತುವೆ ಇದೆ, ಕಿರ್ಶ್‌ಬ್ರ್ಯುಕೆ ಅಂತ, ಬೆಳಿಗ್ಗೆ ಕ್ಯಾಮೆರಾ ಹಿಡಿದವರೆಲ್ಲ ಅಲ್ಲೇ ಸಿಗುತ್ತಾರೆ. ಜ್ಯೂರಿಕ್‌ನಿಂದ ಒಂದೇ ದಿನದಲ್ಲಿ ಹೋಗಿಬರುವುದು ಸಾಧ್ಯ, ಆದರೆ ಹೋಗಲು ಮೂರೂವರೆ ಗಂಟೆ, ಬರಲು ಮೂರೂವರೆ ಗಂಟೆ. ದಿನವೆಲ್ಲ ರೈಲಲ್ಲೇ ಕಳೆದು, ಮಧ್ಯಾಹ್ನ ಮೋಡ ನೋಡಿಕೊಂಡು ಬರುವ ಸಾಧ್ಯತೆಯೇ ಜಾಸ್ತಿ.

ಯಾವ ತಿಂಗಳು? ನಡೆದಾಡಬೇಕು, ಕೆರೆಗಳಲ್ಲಿ ಬೆಟ್ಟದ ನೆರಳು ನೋಡಬೇಕು ಅಂದರೆ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ಅದಕ್ಕೂ ಮೊದಲು ಮೇಲಿನ ದಾರಿಗಳಲ್ಲಿ ಹಿಮ ಉಳಿದಿರುತ್ತದೆ, ಕೆರೆಗಳೂ ಪೂರ್ತಿ ಕರಗಿರುವುದಿಲ್ಲ. ನನ್ನ ಆಯ್ಕೆ ಸೆಪ್ಟೆಂಬರ್: ಜುಲೈ, ಆಗಸ್ಟ್‌ನ ಜನಜಂಗುಳಿ ಇರುವುದಿಲ್ಲ. ನಮ್ಮ ಮಕ್ಕಳ ರಜೆ ಇರುವುದು ಏಪ್ರಿಲ್, ಮೇ ತಿಂಗಳಲ್ಲಿ, ತೊಂದರೆ ಬರುವುದು ಇಲ್ಲೇ. ಏಪ್ರಿಲ್ ಕೊನೆ ಮತ್ತು ಮೇ ಅಲ್ಲಿ ಎರಡು ಸೀಸನ್‌ಗಳ ನಡುವಿನ ಖಾಲಿ ಕಾಲ. ಎಷ್ಟೋ ಹೋಟೆಲ್, ರೆಸ್ಟೋರೆಂಟ್ ಮುಚ್ಚಿರುತ್ತವೆ, ಕೆಲವು ಕೇಬಲ್ ಕಾರುಗಳು ರಿಪೇರಿಗೆ ನಿಂತಿರುತ್ತವೆ. ನವೆಂಬರ್ ಕೂಡ ಹಾಗೆಯೇ. ಮೇ ತಿಂಗಳಲ್ಲೇ ಹೋಗಬೇಕಾಗಿ ಬಂದರೆ, ಆ ವಾರ ಯಾವ ರೈಲು, ಯಾವ ಕೇಬಲ್ ಕಾರು ಓಡುತ್ತಿದೆ ಎಂದು ಮೊದಲು ನೋಡಿ, ಆಮೇಲೆ ಹೋಟೆಲ್ ಬುಕ್ ಮಾಡಿ. ಡಿಸೆಂಬರ್‌ನಿಂದ ಏಪ್ರಿಲ್ ನಡುವೆ ಸ್ಕೀ ಸೀಸನ್, ರೂಮಿನ ಬೆಲೆ ಕೇಳಿದರೆ ತಲೆ ತಿರುಗುತ್ತದೆ.

ಇನ್ನು ತಲುಪುವ ಬಗೆ. ಜ್ಯೂರಿಕ್ ಏರ್‌ಪೋರ್ಟ್‌ನ ಕೆಳಗೇ ರೈಲು ನಿಲ್ದಾಣವಿದೆ. ಅಲ್ಲಿಂದ ಬರ್ನ್ ದಾರಿಯಾಗಿ ವಿಸ್ಪ್ ತನಕ ಒಂದು ರೈಲು. ನಡುವೆ 2007ರಲ್ಲಿ ತೆರೆದ, ಸುಮಾರು 34.6 ಕಿಲೋಮೀಟರ್ ಉದ್ದದ ಲೋಟ್ಶ್‌ಬರ್ಗ್ ಸುರಂಗ ಸಿಗುತ್ತದೆ. ವಿಸ್ಪ್‌ನಲ್ಲಿ ಇಳಿದು ಕೆಂಪು ಬಣ್ಣದ ಸಣ್ಣ ಹಳಿಯ ರೈಲು ಹತ್ತಿದರೆ ಒಂದು ಗಂಟೆ ಚಿಲ್ಲರೆಗೆ ಜರ್ಮಾಟ್. ಕಡಿದಾದ ಕಡೆಗಳಲ್ಲಿ ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದೆ, ರೈಲಿನ ಕೆಳಗಿನ ಹಲ್ಲುಗಾಲಿ ಅದನ್ನು ಕಚ್ಚಿಕೊಂಡು ಏರುತ್ತದೆ. 1891ರಲ್ಲಿ ಶುರುವಾದ ದಾರಿ ಇದು. ಜಿನೀವಾದಿಂದ ಬಂದರೂ ವಿಸ್ಪ್‌ನಲ್ಲೇ ಬದಲಿಸಬೇಕು, ಸುಮಾರು ನಾಲ್ಕು ಗಂಟೆ ಹಿಡಿಯುತ್ತದೆ. ರೈಲು ಬದಲಿಸಲು ಕೆಲವೇ ನಿಮಿಷ ಸಿಗುತ್ತದೆ ಎಂದು ಗಾಬರಿಯಾಗಬೇಡಿ. ಅದು ತಪ್ಪಿದರೆ ಸುಮ್ನೆ ಕಾಫಿ ಕುಡಿಯಿರಿ, ಮುಂದಿನದು ಬರುತ್ತದೆ, ಮಾಮೂಲಿ ಟಿಕೆಟ್ ಆದರೆ ಅದರಲ್ಲೂ ನಡೆಯುತ್ತದೆ.

ಕಾರು ಬಾಡಿಗೆಗೆ ತೆಗೆದುಕೊಂಡವರು ಟೇಶ್‌ನಲ್ಲಿ ನಿಲ್ಲಿಸಬೇಕು. ರೈಲು ನಿಲ್ದಾಣಕ್ಕೆ ಅಂಟಿಕೊಂಡೇ ಎರಡು ಸಾವಿರಕ್ಕೂ ಹೆಚ್ಚು ಕಾರು ಹಿಡಿಯುವ ಪಾರ್ಕಿಂಗ್ ಇದೆ. ಶಟಲ್ ರೈಲು ಹಗಲಲ್ಲಿ 20 ನಿಮಿಷಕ್ಕೊಂದು, 12 ನಿಮಿಷದ ದಾರಿ. ಸಾಮಾನಿನ ತಳ್ಳುಗಾಡಿಯನ್ನು ಹಾಗೇ ರೈಲಿನೊಳಗೆ ತಳ್ಳಿಕೊಂಡು ಹೋಗಬಹುದು, ಅಷ್ಟು ಅನುಕೂಲ ಮಾಡಿಟ್ಟಿದ್ದಾರೆ. ಆದರೂ ಜರ್ಮಾಟ್ ಒಂದಕ್ಕೇ ಅಂತ ಕಾರು ಬಾಡಿಗೆಗೆ ತೆಗೆದುಕೊಳ್ಳುವುದು ದಂಡ. ಎರಡು ದಿನ ಅದು ಟೇಶ್‌ನಲ್ಲಿ ನಿಂತಿರುತ್ತದೆ, ನೀವು ಬಾಡಿಗೆಯನ್ನೂ ಪಾರ್ಕಿಂಗ್ ದುಡ್ಡನ್ನೂ ಕಟ್ಟುತ್ತಿರುತ್ತೀರಿ.

ಹೋಟೆಲ್ ಹುಡುಕುವಾಗ ನಮ್ಮವರು ಮೊದಲು ನೋಡುವುದು ಬೆಲೆ, ಆಮೇಲೆ ಬಾಲ್ಕನಿಯಿಂದ ಬೆಟ್ಟ ಕಾಣುತ್ತದೆಯೇ ಎನ್ನುವುದು. ಇಲ್ಲಿ ಮೂರನೆಯದೊಂದನ್ನು ಸೇರಿಸಿಕೊಳ್ಳಿ: ನಿಲ್ದಾಣದಿಂದ ಎಷ್ಟು ದೂರ, ಎಷ್ಟು ಏರು. ಊರು ಕಣಿವೆಯಲ್ಲಿದೆ, ನದಿಯ ಪಕ್ಕದ ದಾರಿ ಸಮತಟ್ಟು, ಆದರೆ ಎರಡೂ ಬದಿಯ ಇಳಿಜಾರಿನಲ್ಲಿ ಮನೆಗಳು ಮೇಲೆ ಮೇಲೆ ಏರಿಕೊಂಡು ಹೋಗಿವೆ. ನಕ್ಷೆಯಲ್ಲಿ 600 ಮೀಟರ್ ಅಂತ ಕಾಣುವುದು ಎರಡು ದೊಡ್ಡ ಸೂಟ್‌ಕೇಸ್, ಒಂದು ಮಗು, ಮಂಡಿನೋವಿರುವ ಅಮ್ಮ ಇವರ ಜೊತೆ ಬೇರೆಯದೇ ಲೆಕ್ಕವಾಗುತ್ತದೆ ಅಲ್ವಾ? ಎಷ್ಟೋ ಹೋಟೆಲ್‌ಗಳು ತಮ್ಮದೇ ಪುಟ್ಟ ಎಲೆಕ್ಟ್ರಿಕ್ ಗಾಡಿಯನ್ನು ನಿಲ್ದಾಣಕ್ಕೆ ಕಳಿಸುತ್ತವೆ. ಯಾವ ರೈಲಿಗೆ ಬರುತ್ತೀರಿ ಎಂದು ಹಿಂದಿನ ದಿನವೇ ಒಂದು ಇಮೇಲ್ ಹಾಕಿ. ಇಲ್ಲವಾದರೆ ನಿಲ್ದಾಣದ ಎದುರೇ ಎಲೆಕ್ಟ್ರಿಕ್ ಟ್ಯಾಕ್ಸಿಗಳು ನಿಂತಿರುತ್ತವೆ, ಊರಲ್ಲಿ ಎಲೆಕ್ಟ್ರಿಕ್ ಬಸ್ಸೂ ಓಡುತ್ತದೆ. ಇನ್ನೂ ಒಳ್ಳೆಯ ಉಪಾಯ ಎಂದರೆ ದೊಡ್ಡ ಪೆಟ್ಟಿಗೆಗಳನ್ನು ಕೆಳಗಿನ ಯಾವುದಾದರೂ ದೊಡ್ಡ ನಿಲ್ದಾಣದ ಲಾಕರ್‌ನಲ್ಲಿಟ್ಟು, ಎರಡು ರಾತ್ರಿಗೆ ಬೇಕಾದಷ್ಟು ಬಟ್ಟೆಯನ್ನು ಬೆನ್ನಿಗೆ ಹಾಕಿಕೊಂಡು ಬರುವುದು.

ಅಂದಹಾಗೆ, ಕಾರಿಲ್ಲದ ಊರು ಅಂದರೆ ಗಾಡಿಯೇ ಇಲ್ಲದ ಊರು ಅಂತಲ್ಲ. ಡಬ್ಬಿಯಾಕಾರದ ಎಲೆಕ್ಟ್ರಿಕ್ ಗಾಡಿಗಳು ದಿನವಿಡೀ ಓಡಾಡುತ್ತವೆ. ಅವುಗಳಿಗೆ ಶಬ್ದವಿಲ್ಲ. ರಸ್ತೆ ನಮ್ಮದೇ ಅಂದುಕೊಂಡು ಮಕ್ಕಳ ಕೈ ಬಿಟ್ಟು ಫೋಟೋ ತೆಗೆಯುತ್ತ ನಿಲ್ಲಬೇಡಿ.

ಈಗ ಬೆಟ್ಟಗಳು. ದುಡ್ಡು ಹೋಗುವುದೂ ಇಲ್ಲೇ, ಗೊಂದಲವಾಗುವುದೂ ಇಲ್ಲೇ. ಊರಿನಿಂದ ಮೇಲೆ ಹೋಗಲು ಮುಖ್ಯವಾಗಿ ಮೂರು ದಾರಿಗಳಿವೆ, ಮೂರೂ ಬೇರೆ ಬೇರೆ ಕಡೆಗೆ. ಒಂದನ್ನೇ ಮಾಡುವುದಾದರೆ ಗೋರ್ನರ್‌ಗ್ರಾಟ್ ಮಾಡಿ. ಮುಖ್ಯ ನಿಲ್ದಾಣದ ಎದುರಿನಿಂದಲೇ ಹಲ್ಲುಹಳಿ ರೈಲು ಹೊರಡುತ್ತದೆ, 33 ನಿಮಿಷದಲ್ಲಿ 3,089 ಮೀಟರ್ ಎತ್ತರಕ್ಕೆ. 1898ರಿಂದ ಓಡುತ್ತಿದೆ, ಆಗಿನಿಂದಲೂ ವಿದ್ಯುತ್ತಿನಲ್ಲೇ. ಹೋಗುವಾಗ ಬಲಗಡೆ ಕೂತುಕೊಳ್ಳಿ, ಮ್ಯಾಟರ್‌ಹಾರ್ನ್ ಆ ಕಡೆ. ಮೇಲೆ ನಿಂತರೆ ಗೋರ್ನರ್ ಹಿಮನದಿ ಕೆಳಗೆ ಹರಡಿಕೊಂಡಿರುತ್ತದೆ, ಅದರಾಚೆ ಮೊಂಟೆ ರೋಸಾ. ಸ್ವಿಟ್ಜರ್ಲೆಂಡಿನ ಅತಿ ಎತ್ತರದ ತುದಿ, 4,634 ಮೀಟರಿನ ಡುಫೋರ್‌ಸ್ಪಿಟ್ಸೆ, ಇರುವುದು ಅಲ್ಲೇ. ಮ್ಯಾಟರ್‌ಹಾರ್ನ್‌ದೇ ದೊಡ್ಡ ಹೆಸರು, ಆದರೆ ಎತ್ತರದಲ್ಲಿ ಅದು ಮೊದಲನೆಯದಲ್ಲ. ವಾಪಸ್ ಬರುವಾಗ ಒಂದೇ ಸ್ಟೇಷನ್ ಕೆಳಗೆ ರೋಟೆನ್‌ಬೋಡೆನ್‌ನಲ್ಲಿ ಇಳಿಯಿರಿ. ಐದು ಹತ್ತು ನಿಮಿಷ ಇಳಿದರೆ ರಿಫೆಲ್‌ಸೀ ಕೆರೆ. ಗಾಳಿ ಇಲ್ಲದ ಬೆಳಿಗ್ಗೆ ಇಡೀ ಬೆಟ್ಟ ಅದರೊಳಗೆ ತಲೆಕೆಳಗಾಗಿ ಕಾಣುತ್ತದೆ, ಪೋಸ್ಟರುಗಳಲ್ಲಿ ನೋಡುವ ಆ ಚಿತ್ರ ಇಲ್ಲಿಯದೂ ಹೌದು. ಅಲ್ಲಿಂದ ರಿಫೆಲ್‌ಬರ್ಗ್ ಸ್ಟೇಷನ್ನಿಗೆ ಇಳಿಜಾರಿನಲ್ಲಿ ಆರಾಮವಾಗಿ ನಡೆದು ಮತ್ತೆ ರೈಲು ಹತ್ತಬಹುದು. ಮೊದಲ ಅಥವಾ ಎರಡನೇ ರೈಲಿಗೆ ಹೋದರೆ ಜನವೂ ಕಡಿಮೆ, ಮೋಡವೂ ಕಡಿಮೆ.

ಎರಡನೆಯದು ಮ್ಯಾಟರ್‌ಹಾರ್ನ್ ಗ್ಲೇಸಿಯರ್ ಪ್ಯಾರಡೈಸ್, ಕೇಬಲ್ ಕಾರಿನಲ್ಲಿ 3,883 ಮೀಟರ್. ಯುರೋಪಿನಲ್ಲಿ ಇದಕ್ಕಿಂತ ಎತ್ತರದ ಕೇಬಲ್ ಕಾರ್ ನಿಲ್ದಾಣ ಇಲ್ಲ. ವರ್ಷವಿಡೀ ಹಿಮ ಇರುತ್ತದೆ, ಬೇಸಿಗೆಯಲ್ಲೂ ಸ್ಕೀ ಮಾಡುತ್ತಾರೆ, ಹಿಮನದಿಯೊಳಗೆ ಕೊರೆದ ಗುಹೆಯೂ ಇದೆ. ಮಕ್ಕಳು ಹಿಮದಲ್ಲಿ ಆಡಬೇಕು ಅಂದರೆ ಇದೇ ಸರಿ. ಆದರೆ ಆ ಹೆಸರು ನೋಡಿ ಮೋಸಹೋಗಬೇಡಿ, ಮ್ಯಾಟರ್‌ಹಾರ್ನ್‌ನ ಪರಿಚಿತ ರೂಪ ಅಲ್ಲಿಂದ ಕಾಣುವುದಿಲ್ಲ, ಬೇರೆ ಮಗ್ಗುಲಿನಿಂದ ನೋಡುತ್ತಿರುತ್ತೀರಿ. 2023ರಿಂದ ಅಲ್ಲಿಂದಾಚೆ ಇಟಲಿಯ ಚೆರ್ವೀನಿಯಾ ಊರಿಗೂ ಕೇಬಲ್ ಕಾರಿನಲ್ಲೇ ಇಳಿಯಬಹುದು. ಹೋಗುವುದಾದರೆ ಪಾಸ್‌ಪೋರ್ಟ್ ಜೇಬಿನಲ್ಲಿರಲಿ, ವಾಪಸ್ ಬರುವ ಕೊನೆಯ ಗಾಡಿ ಎಷ್ಟು ಹೊತ್ತಿಗೆ ಎಂದು ಹೊರಡುವಾಗಲೇ ಕೇಳಿಕೊಳ್ಳಿ.

ಎತ್ತರದ ಬಗ್ಗೆ ಒಂದು ಮಾತು. ಊರು ಇರುವುದು ಸುಮಾರು 1,600 ಮೀಟರಿನಲ್ಲಿ. ಅಲ್ಲಿಂದ ಮುಕ್ಕಾಲು ಗಂಟೆಯಲ್ಲಿ ಮುಳ್ಳಯ್ಯನಗಿರಿಯ ಎರಡರಷ್ಟು ಎತ್ತರಕ್ಕೆ ಹೋಗಿ ನಿಂತಿರುತ್ತೀರಿ. ತಲೆ ಭಾರ, ಏದುಸಿರು ಬರುವುದು ಸಹಜ. ಹೃದಯದ ತೊಂದರೆ ಇರುವವರು ಮನೆಯಿಂದ ಹೊರಡುವ ಮುಂಚೆಯೇ ಡಾಕ್ಟರನ್ನು ಕೇಳಿಕೊಂಡು ಬರಬೇಕು, ಕೈಗೂಸುಗಳನ್ನು ಅಷ್ಟು ಮೇಲೆ ಕರೆದುಕೊಂಡು ಹೋಗದಿರುವುದೇ ಒಳ್ಳೆಯದು. ಮೇಲೆ ನಿಧಾನ ನಡೆಯಿರಿ, ನೀರು ಕುಡಿಯಿರಿ, ಸರಿಯಿಲ್ಲ ಅನಿಸಿದರೆ ಕೆಳಗಿಳಿಯುವುದೇ ಔಷಧಿ. ಕೂಲಿಂಗ್ ಗ್ಲಾಸ್, ಸನ್‌ಸ್ಕ್ರೀನ್ ಶೋಕಿಗಲ್ಲ, ಹಿಮದ ಮೇಲಿನ ಬಿಸಿಲು ನಿಜವಾಗಿಯೂ ಸುಡುತ್ತದೆ.

ಮೂರನೆಯದು ಸುನೆಗ್ಗಾ. ಬೆಟ್ಟದೊಳಗಿನ ಸುರಂಗದಲ್ಲಿ ಏರುವ ರೈಲು ಕೆಲವೇ ನಿಮಿಷದಲ್ಲಿ 2,288 ಮೀಟರಿಗೆ ತಂದು ಬಿಡುತ್ತದೆ. ಮೂರರಲ್ಲಿ ಖರ್ಚು ಕಡಿಮೆ ಇದಕ್ಕೇ. ಕೆಳಗೇ ಲೈಸೀ ಕೆರೆ, ಮಕ್ಕಳು ನೀರಲ್ಲಿ ಆಡಬಹುದು, ಮಂಡಿನೋವಿನವರಿಗೆ ಅಲ್ಲಿಗೆ ಇಳಿಯಲು ಪುಟ್ಟ ಲಿಫ್ಟ್ ಕೂಡ ಇದೆ. ನಡೆಯಬಲ್ಲವರು ಇನ್ನೂ ಮೇಲಿನ ಬ್ಲೌಹೆರ್ಡ್‌ಗೆ ಹೋಗಿ ಅಲ್ಲಿಂದ ಐದು ಕೆರೆಗಳ ದಾರಿ ಹಿಡಿಯಬೇಕು, ಸುಮಾರು ಒಂಬತ್ತು ಕಿಲೋಮೀಟರ್. ಮೊದಲು ಸಿಗುವ ಸ್ಟೆಲ್ಲಿಸೀ ಒಂದನ್ನೇ ನೋಡಿಕೊಂಡು ವಾಪಸ್ ಬಂದರೂ ನಷ್ಟವಿಲ್ಲ.

ಟಿಕೆಟ್ ವಿಷಯದಲ್ಲಿ ನನ್ನ ಸಲಹೆ ಒಂದೇ. ಬೆಟ್ಟದ ಟಿಕೆಟ್‌ಗಳನ್ನು ಬೆಂಗಳೂರಿನಲ್ಲಿ ಕೂತು ದಿನಾಂಕ ಹಾಕಿ ಕೊಳ್ಳಬೇಡಿ. ಮೂರೂ ಬೆಟ್ಟಗಳ ಮೇಲೆ ವೆಬ್‌ಕ್ಯಾಮ್ ಇವೆ. ಬೆಳಿಗ್ಗೆ ಎದ್ದು ಫೋನಿನಲ್ಲಿ ನೋಡಿ, ಮೇಲೆ ಬಿಳಿ ಮಂಜು ಬಿಟ್ಟು ಬೇರೇನೂ ಕಾಣದಿದ್ದರೆ ಆ ದಿನ ಊರಲ್ಲೇ ಸುತ್ತಿ. ಗೋರ್ನರ್‌ಗ್ರಾಟ್ ಹೋಗಿಬರುವ ಪೂರ್ತಿ ದರ ಬೇಸಿಗೆಯಲ್ಲಿ ನೂರು ಫ್ರಾಂಕ್ ದಾಟುತ್ತದೆ, ಅಷ್ಟು ಕೊಟ್ಟು ಮಂಜು ನೋಡುವುದು ಯಾರಿಗೆ ಬೇಕು? ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಜರ್ಮಾಟ್ ತನಕದ ರೈಲು ಪೂರ್ತಿ ಅದರಲ್ಲೇ ಬರುತ್ತದೆ, ಅಲ್ಲಿಂದ ಮೇಲಿನ ರೈಲು, ಕೇಬಲ್ ಕಾರುಗಳಿಗೆ ಅರ್ಧ ದರ. ಎಲ್ಲ ಉಚಿತ ಅಂದುಕೊಂಡು ಬರುವವರು ಬಹಳ ಜನ. ಒಂದೇ ಊರಲ್ಲಿ ಮೂರ್ನಾಲ್ಕು ದಿನ ಇರುವವರಿಗೆ ಆ ಪಾಸ್‌ಗಿಂತ ಟಿಕೆಟ್‌ಗಳನ್ನು ಅರ್ಧ ದರಕ್ಕೆ ಕೊಡಿಸುವ ಹಾಫ್ ಫೇರ್ ಕಾರ್ಡ್ ಅಗ್ಗವಾಗಬಹುದು, ಒಂದು ತಿಂಗಳು ನಡೆಯುತ್ತದೆ. ಹದಿನಾರು ತುಂಬದ ಮಕ್ಕಳಿದ್ದರೆ ಫ್ಯಾಮಿಲಿ ಕಾರ್ಡ್ ಕೇಳಿ ತೆಗೆದುಕೊಳ್ಳಿ, ಪಾಸ್ ಇರುವ ಅಪ್ಪ ಅಮ್ಮನ ಜೊತೆ ಮಕ್ಕಳ ರೈಲು ಪ್ರಯಾಣ ಉಚಿತ.

ಮಂಜು ಮುಸುಕಿದ ದಿನಕ್ಕೂ ಊರಲ್ಲಿ ಕೆಲಸವಿದೆ. ಹಿಂಟರ್‌ಡಾರ್ಫ್ ಎಂಬ ಹಳೇ ಕೇರಿಯಲ್ಲಿ ಬಿಸಿಲಿಗೆ ಕಪ್ಪಾದ ಮರದ ಕಣಜಗಳಿವೆ. ಒಂದೊಂದು ಕಂಬದ ಮೇಲೂ ಅಗಲವಾದ ಚಪ್ಪಟೆ ಕಲ್ಲು, ಅದರ ಮೇಲೆ ಕಣಜ. ಇಲಿ ಕಂಬ ಹತ್ತಿದರೂ ಕಲ್ಲನ್ನು ದಾಟಲಾರದು. ಚರ್ಚ್ ಹತ್ತಿರದ ಮ್ಯಾಟರ್‌ಹಾರ್ನ್ ಮ್ಯೂಸಿಯಂ ಬಿಡಬೇಡಿ. 1865ರ ಜುಲೈ 14ರಂದು ಎಡ್ವರ್ಡ್ ವಿಂಪರ್ ಮತ್ತು ಆರು ಜನ ಮೊದಲ ಸಲ ಶಿಖರ ಮುಟ್ಟಿದರು, ಇಳಿಯುವಾಗ ನಾಲ್ವರು ಬಿದ್ದು ಸತ್ತರು. ಆ ದಿನ ತುಂಡಾದ ಹಗ್ಗವನ್ನು ಅಲ್ಲಿ ಇಟ್ಟಿದ್ದಾರೆ. ನೋಡಿದರೆ ಇದಕ್ಕೆ ಜೀವ ಕಟ್ಟಿದ್ದರೇ ಅನಿಸುತ್ತದೆ, ಅಷ್ಟು ಸಣ್ಣದು. ಬೇಸಿಗೆಯಲ್ಲಾದರೆ ಕಪ್ಪು ಕತ್ತಿನ ಆಡುಗಳ ಹಿಂಡು ಮುಖ್ಯ ಬೀದಿಯಲ್ಲೇ ಮೇಯಲು ಹೋಗಿಬರುತ್ತದೆ, ವಾಚಿನ ಅಂಗಡಿಗಳ ಮುಂದೆಯೇ.

ಊಟದ ಚಿಂತೆ ಇರುವವರಿಗೆ: ಆಲೂಗಡ್ಡೆಯ ರೋಸ್ಟಿ, ಕರಗಿಸಿದ ಚೀಸಿನ ರಾಕ್ಲೆಟ್, ಫಾಂಡ್ಯು, ಇವೆಲ್ಲ ಸಿಗುತ್ತವೆ, ರಾಕ್ಲೆಟ್ ಈ ವಲೇ ಪ್ರಾಂತ್ಯದ್ದೇ ತಿಂಡಿ. ರೋಸ್ಟಿಗೆ ಹಂದಿಮಾಂಸದ ಚೂರು ಹಾಕುವುದು ಮಾಮೂಲಿ, ಕೇಳಿಯೇ ಆರ್ಡರ್ ಮಾಡಿ. ಕಟ್ಟಾ ಸಸ್ಯಾಹಾರಿಗಳು ಇದನ್ನೂ ತಿಳಿದಿರಿ, ಅಲ್ಲಿಯ ಸಾಂಪ್ರದಾಯಿಕ ಚೀಸ್ ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ, ಹಾಲನ್ನು ಗಟ್ಟಿಯಾಗಿಸುವ ರೆನೆಟ್ ಬಳಸುತ್ತಾರೆ. ಫಾಂಡ್ಯುವಿನಲ್ಲಿ ವೈನ್ ಇರುತ್ತದೆ. ಖರ್ಚು ತಗ್ಗಿಸಬೇಕೆಂದರೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ, ಸೂಪರ್‌ಮಾರ್ಕೆಟ್ ನಿಲ್ದಾಣದ ಎದುರೇ ಇದೆ, ಅಕ್ಕಿ, ಮೊಸರು, ತರಕಾರಿ ಎಲ್ಲ ಸಿಗುತ್ತದೆ. ಸಾರಿನ ಪುಡಿ ಮಾತ್ರ ಮನೆಯಿಂದ. ನೀರಿಗೆ ದುಡ್ಡು ಹಾಕಬೇಡಿ, ನಲ್ಲಿ ನೀರೇ ಕುಡಿಯಬಹುದು.

ವೀಸಾ ಷೆಂಗೆನ್, ಅಂದರೆ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ, ಬೆಂಗಳೂರಿನಲ್ಲೇ ಅರ್ಜಿ ಕೊಡಬಹುದು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ತೆಗೆದುಕೊಳ್ಳುತ್ತಾರೆ, ಬೇಸಿಗೆಗೆ ಹೋಗುವವರು ತಡ ಮಾಡಬೇಡಿ. ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ. ಕೊಳ್ಳುವಾಗ ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಇಳಿಸುವ ಖರ್ಚೂ ಅದರಲ್ಲಿ ಸೇರಿದೆಯೇ ನೋಡಿ.

ಜರ್ಮಾಟ್ ದುಬಾರಿ ಅನಿಸಿದರೆ ಅಥವಾ ಯುಂಗ್‌ಫ್ರೌ ಹೇಗೂ ಪ್ಲ್ಯಾನಿನಲ್ಲಿದ್ದರೆ, ಅದೇ ಕಡೆ ವೆಂಗೆನ್, ಮ್ಯೂರೆನ್ ಎಂಬ ಎರಡು ಊರುಗಳಿಗೂ ಕಾರು ಹೋಗುವುದಿಲ್ಲ. ಎರಡೂ ಲೌಟರ್‌ಬ್ರುನೆನ್ ಕಣಿವೆಯ ಮೇಲಿವೆ, ಚಿಕ್ಕವು, ಸಂಜೆಯಾದರೆ ಇನ್ನೂ ನಿಶ್ಶಬ್ದ. ಮ್ಯಾಟರ್‌ಹಾರ್ನ್ ಮಾತ್ರ ಅಲ್ಲಿ ಸಿಗುವುದಿಲ್ಲ.

ಜರ್ಮಾಟ್‌ನಿಂದ ಸೇಂಟ್ ಮಾರಿಟ್ಜ್‌ಗೆ ಹೋಗುವ ಗ್ಲೇಸಿಯರ್ ಎಕ್ಸ್‌ಪ್ರೆಸ್ಸನ್ನೂ ಸೇರಿಸುವುದಾದರೆ ಸುಮಾರು ಎಂಟು ಗಂಟೆ ಎತ್ತಿಡಿ. ಟ್ರಾವೆಲ್ ಪಾಸ್ ಇದ್ದರೂ ಸೀಟಿನ ರಿಸರ್ವೇಶನ್‌ಗೆ ಬೇರೆ ದುಡ್ಡು, ಅದಿಲ್ಲದೆ ಹತ್ತುವಂತಿಲ್ಲ. ಸಿಗದಿದ್ದರೆ ಬೇಜಾರು ಬೇಡ, ಅದೇ ಹಳಿಯ ಮೇಲೆ ಮಾಮೂಲಿ ರೈಲುಗಳೂ ಓಡುತ್ತವೆ, ನಡುನಡುವೆ ಬದಲಿಸಬೇಕು ಅಷ್ಟೆ, ರಿಸರ್ವೇಶನ್ ಕೇಳುವುದಿಲ್ಲ.