ಪರ್ಸಿನ ಅಂಚು ಕೊನೆಗೂ ನುಣುಪಾಯಿತು

ಕೈಯಲ್ಲೇ ಹೊಲಿದು ಚರ್ಮದ ಪರ್ಸ್ ಮಾಡುವುದನ್ನು ಕಲಿಯುತ್ತಿದ್ದೇನೆ. ಹೊಲಿಗೆ ಚೆನ್ನಾಗೇ ಬರುತ್ತಿತ್ತು, ಅಂಚು ಮಾತ್ರ ನಾರುನಾರು. ನೀರು ಹಚ್ಚಿ, ಅಂಟು ಹಚ್ಚಿ, ಮರದ ಕಡ್ಡಿಯಿಂದ ಎಷ್ಟು ತಿಕ್ಕಿದರೂ ಒಣಗಿದ ಮೇಲೆ ಎಳೆಗಳು ಮತ್ತೆ ಎದ್ದು ನಿಲ್ಲುತ್ತಿದ್ದವು.

ಕಾರಣ ಚರ್ಮದಲ್ಲೇ ಇತ್ತು. ಕತ್ತರಿಸಿದ ಜಾಗವನ್ನು ಬೆಳಕಿಗೆ ಹಿಡಿದಾಗ ನಡುವೆ ತಿಳಿ ನೀಲಿ ಬೂದು ಗೆರೆ ಕಂಡಿತು. ಅದು ಕ್ರೋಮ್ ಉಪ್ಪಿನಲ್ಲಿ ಹದ ಮಾಡಿದ ಚರ್ಮ. ಮೆತ್ತಗಿರುತ್ತದೆ, ನೀರನ್ನೂ ತಡೆಯುತ್ತದೆ, ಆದರೆ ಉಜ್ಜಿದರೆ ಎಳೆ ಕೂರುವುದಿಲ್ಲ. ತೊಗಟೆಯ ರಸದಲ್ಲಿ ಹದ ಮಾಡಿದ್ದೇ ಇದಕ್ಕೆ ಸರಿ (ನಮ್ಮ ಕಡೆ ಹಿಂದೆ ತಂಗಡಿ ತೊಗಟೆ ಬಳಸುತ್ತಿದ್ದರಲ್ವಾ, ಅದೇ ಬಗೆ).

ಅಂಥ 1.2 ಮಿ.ಮೀ. ದಪ್ಪದ ತುಂಡು ತಂದೆ. ಅಂಚನ್ನು 400, ಆಮೇಲೆ 800 ನಂಬರಿನ ಸ್ಯಾಂಡ್‌ಪೇಪರ್‌ನಿಂದ ಸಮ ಮಾಡಿ, ಬೆರಳ ತುದಿಯಲ್ಲಿ ಒಂಚೂರು ನೀರು ಸವರಿ, ದಪ್ಪ ಬಟ್ಟೆಯಿಂದ ಬಿಸಿಯಾಗುವವರೆಗೂ ಉಜ್ಜಿದೆ. ನೀರು ಜಾಸ್ತಿಯಾದರೆ ಅಂಚು ಉಬ್ಬುತ್ತದೆ, ಹುಷಾರು. ನೋಡನೋಡುತ್ತಲೇ ಸೇರಿಸಿ ಹೊಲಿದ ಎರಡು ಪದರ ಒಂದೇ ಆಗಿ ಹೊಳೆಯತೊಡಗಿತು. ಎಂಥ ಖುಷಿ! ಕೊನೆಗೆ ಜೇನುಮೇಣ ತಿಕ್ಕಿದೆ.

ಕ್ರೋಮ್ ಚರ್ಮ ಉಳಿದಿದ್ದರೆ ಸುಮ್ನೆ ಎಸೆಯಬೇಡಿ. ಅಂಚಿಗೆ ಹಚ್ಚುವ ಬಣ್ಣವನ್ನು ತೆಳುವಾಗಿ ಎರಡು ಮೂರು ಸಲ ಹಚ್ಚಿ, ಇಲ್ಲವೇ ಅಂಚನ್ನು ಒಳಗೆ ಮಡಚಿ ಹೊಲಿಯಿರಿ.