ಲೂಬೆಕ್‌ನಲ್ಲಿ ಆಯಿಯ ಜೊತೆ, ಉಪ್ಪಿನ ಜಾಡು ಹಿಡಿದು

ಆಯಿ, ಅಂದರೆ ನನ್ನ ಅಮ್ಮ, ಕುಮಟಾದಿಂದ ಜರ್ಮನಿಯ ಹ್ಯಾಂಬರ್ಗ್‌ಗೆ ಬಂದು ಎರಡು ವಾರವಾಗಿತ್ತು. ನಾನು ಕೆಲಸಕ್ಕೆ ಹೋದರೆ ಅವಳು ಕಿಟಕಿ ಪಕ್ಕ ಕೂತು ರಸ್ತೆ ನೋಡುವುದು, ಇಷ್ಟೇ. ಮೊಣಕಾಲು ನೋವು ಬೇರೆ, ಜಾಸ್ತಿ ನಡೆಸುವ ಹಾಗಿಲ್ಲ. ಒಂದು ದಿನ ರಜೆ ಹಾಕಿ ಅವಳನ್ನು ಲೂಬೆಕ್‌ಗೆ ಕರೆದುಕೊಂಡು ಹೋದೆ. ರೈಲಿನಲ್ಲಿ ಮುಕ್ಕಾಲು ಗಂಟೆ. ಹಳೇ ಊರು ಪುಟ್ಟದು, ನದಿ ಮತ್ತು ಕಾಲುವೆ ಸುತ್ತುವರಿದ ದ್ವೀಪ. ಒಂದು ದಿನಕ್ಕೆ ಸರಿಯಾಗುತ್ತದೆ ಅಂತ ನನ್ನ ಲೆಕ್ಕ.

ಲೆಕ್ಕ ತಪ್ಪಿದ್ದು ಶುರುವಿನಲ್ಲೇ. ಶ್ಲೆಸ್ವಿಗ್-ಹೋಲ್‌ಸ್ಟೈನ್ ಟಿಕೆಟ್ ಅಂತ ಒಂದಿದೆ. ಒಂದೇ ಟಿಕೆಟ್‌ನಲ್ಲಿ ಐದು ಜನರವರೆಗೆ ಇಡೀ ದಿನ ಆ ರಾಜ್ಯದ ಲೋಕಲ್ ರೈಲುಗಳಲ್ಲಿ ಓಡಾಡಬಹುದು, ಹ್ಯಾಂಬರ್ಗ್‌ನಿಂದಲೂ ನಡೆಯುತ್ತದೆ. ಆದರೆ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 9 ಗಂಟೆಯ ಮೇಲೆ ಮಾತ್ರ. ಅದನ್ನು ನಾನು ಓದಿದ್ದು ಟಿಕೆಟ್ ಕೈಗೆ ಬಂದ ಮೇಲೆ, ಎಂಟೂ ಇಪ್ಪತ್ತಕ್ಕೆ, ಪ್ಲಾಟ್‌ಫಾರ್ಮ್ ಮೇಲೆ ನಿಂತು. ನಲವತ್ತು ನಿಮಿಷ ಬೆಂಚಿನ ಮೇಲೆ ಕೂತೆವು. ಆಯಿ ಏನೂ ಅನ್ನಲಿಲ್ಲ, ಡಬ್ಬಿ ಇದ್ದ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ರೈಲುಗಳನ್ನು ಎಣಿಸಿದಳು.

ಲೂಬೆಕ್ ಸ್ಟೇಷನ್‌ನಿಂದ ಊರ ಬಾಗಿಲಿಗೆ ಹತ್ತು ನಿಮಿಷದ ದಾರಿ, ಆಯಿಯ ನಡಿಗೆಗೆ ಇಪ್ಪತ್ತು. ನಡುವೆ ಒಂದು ಸೇತುವೆ, ಅದರ ಮೇಲೆ ಸಾಲು ಶಿಲ್ಪಗಳು. ಅದರಲ್ಲಿ ಒಬ್ಬ ವ್ಯಾಪಾರದ ದೇವರು ಮರ್ಕ್ಯುರಿ, ಬತ್ತಲೆ ಹಿಂಭಾಗ ತೋರಿಸಿಕೊಂಡು ನಿಂತಿದ್ದಾನೆ. "ಇವಂಗೆ ಒಂದು ಪಂಚೆ ಉಡ್ಸುಲಾಗದ?" ಅಂದಳು ಆಯಿ. ಆಮೇಲೆ ದಾರಿಯುದ್ದಕ್ಕೂ ನಗು.

ಊರ ಬಾಗಿಲಿನ ಹೆಸರು ಹೋಲ್‌ಸ್ಟೆನ್‌ಟೋರ್. 1464ರಿಂದ 1478ರ ನಡುವೆ ಕಟ್ಟಿದ್ದು. ಎರಡು ದಪ್ಪ ಗೋಪುರ, ಮೇಲೆ ಕೋನಾಕಾರದ ಕಪ್ಪು ಮಾಡು. ಕೆಳಗಿನ ನೆಲ ಜೌಗು, ಹಾಗಾಗಿ ಭಾರಕ್ಕೆ ಕುಸಿದು ಗೋಪುರಗಳು ವಾಲಿವೆ. ಎದುರಿಗೆ ನಿಂತರೆ ಬರಿಗಣ್ಣಿಗೇ ಗೊತ್ತಾಗುತ್ತದೆ. ಶತ್ರು ಬರುವ ಹೊರಗಡೆ ಗೋಡೆ 3.5 ಮೀಟರ್ ದಪ್ಪ, ಊರಿನ ಕಡೆ ಒಂದು ಮೀಟರೂ ಇಲ್ಲ. ಹೊರಗಿನವರ ಹೆದರಿಕೆ ಎಷ್ಟು, ಒಳಗಿನವರ ನಂಬಿಕೆ ಎಷ್ಟು ಅಂತ ಅಳೆದು ಕಟ್ಟಿದ ಹಾಗಿದೆ. ಇಂಥ ಬಾಗಿಲನ್ನು ಕೆಡವಿಬಿಡೋಣ ಅನ್ನುವ ಮಾತು 19ನೇ ಶತಮಾನದಲ್ಲಿ ಎದ್ದಿತ್ತು. 1863ರಲ್ಲಿ ಮತಕ್ಕೆ ಹಾಕಿದಾಗ ಉಳಿದದ್ದು ಒಂದೇ ಒಂದು ಮತದಿಂದ. ಒಳಗೆ ಮ್ಯೂಸಿಯಂ ಇದೆ, ಆದರೆ ಸುತ್ತು ಮೆಟ್ಟಿಲು. ಮೊಣಕಾಲು ನೋವಿದ್ದವರು ಹೊರಗಿನಿಂದಲೇ ನೋಡಿ ಸುಮ್ನೆ ಮುಂದೆ ಹೋಗಿ, ನಷ್ಟವೇನಿಲ್ಲ.

ಅದರ ಪಕ್ಕದಲ್ಲೇ ನದಿಗೆ ಮುಖ ಮಾಡಿ ಆರು ಇಟ್ಟಿಗೆ ಕಟ್ಟಡಗಳು, ಒಂದಕ್ಕೊಂದು ಒರಗಿಕೊಂಡು ನಿಂತಿವೆ. ಉಪ್ಪಿನ ಉಗ್ರಾಣಗಳು. ಕಟ್ಟಿದ ಕಾಲ 1579ರಿಂದ 1745ರವರೆಗೆ. ನಾನು ಇದನ್ನು ಫೋಟೋಗೆ ಒಳ್ಳೇ ಜಾಗ ಅಂತ ಮಾತ್ರ ಗುರುತು ಹಾಕಿಕೊಂಡಿದ್ದೆ. ಆಯಿಗೆ "ಉಪ್ಪು" ಅಂದಿದ್ದೇ ತಡ, ನಿಂತುಬಿಟ್ಟಳು. ಅವಳ ತವರುಮನೆ ಸಾಣಿಕಟ್ಟಾದ ಹತ್ತಿರ. ಆಗರದಲ್ಲಿ, ಅಂದರೆ ಸಮುದ್ರದ ನೀರು ಒಣಗಿಸಿ ಉಪ್ಪು ಮಾಡುವ ಗದ್ದೆಯಲ್ಲಿ, ಉಪ್ಪು ಎಳೆಯುವುದನ್ನು ನೋಡುತ್ತಾ ಬೆಳೆದವಳು. "ಇಲ್ಲಿ ಆಗರ ಎಲ್ಲಿದ್ದು?" ಅಂತ ಕೇಳಿದಳು. ಇಲ್ಲಿ ಆಗರವೇ ಇಲ್ಲ.

ಉಪ್ಪು ಬರುತ್ತಿದ್ದುದು ದಕ್ಷಿಣದ ಲ್ಯೂನೆಬರ್ಗ್ ಊರಿನಿಂದ. ಅಲ್ಲಿ ನೆಲದಡಿಯಿಂದ ಉಪ್ಪುನೀರು ಮೇಲೆತ್ತಿ ಬಾಣಲೆಗಳಲ್ಲಿ ಕುದಿಸಿ ಉಪ್ಪು ಮಾಡುತ್ತಿದ್ದರು. ಮೊದಲು ಗಾಡಿಯಲ್ಲಿ, 1398ರಿಂದ ಕಾಲುವೆಯಲ್ಲಿ ದೋಣಿಯ ಮೇಲೆ, ಲೂಬೆಕ್‌ಗೆ. ಇಲ್ಲಿಂದ ಹಡಗು ಹತ್ತಿ ಈಗಿನ ಸ್ವೀಡನ್ನಿನ ದಕ್ಷಿಣ ತುದಿ ಸ್ಕೋನೆಗೆ. ಅಲ್ಲಿ ಹೆರಿಂಗ್ ಮೀನು ರಾಶಿ ರಾಶಿ ಸಿಗುತ್ತಿತ್ತು, ಆದರೆ ಉಪ್ಪು ಹಾಕದಿದ್ದರೆ ಎರಡು ದಿನಕ್ಕೆ ಕೊಳೆಯುತ್ತದೆ. ಕ್ರೈಸ್ತರ ಉಪವಾಸದ ದಿನಗಳಲ್ಲಿ ಮಾಂಸ ವರ್ಜ್ಯ, ಮೀನು ನಡೆಯುತ್ತದೆ. ಹಾಗಾಗಿ ಉಪ್ಪುಮೀನಿನ ಪೀಪಾಯಿಗಳು ಯುರೋಪಿನ ತುಂಬಾ ಓಡಾಡಿದವು. ಹಾನ್ಸಾ ಅನ್ನುವ ವರ್ತಕ ಊರುಗಳ ಕೂಟಕ್ಕೆ ಲೂಬೆಕ್ ರಾಣಿ ಅನ್ನಿಸಿಕೊಂಡಿದ್ದರಲ್ಲಿ ಈ ಉಪ್ಪಿನ ಪಾಲು ದೊಡ್ಡದು. ಆಯಿಗೆ ಇದನ್ನೆಲ್ಲ ಹೇಳುತ್ತಾ ಹೋದ ಹಾಗೆ ನನಗೂ ಊರು ಬೇರೆಯಾಗಿ ಕಾಣತೊಡಗಿತು. ಇಷ್ಟು ಎತ್ತರದ ಚರ್ಚುಗಳಿಗೆ ದುಡ್ಡು ಎಲ್ಲಿಂದ ಬಂತು ಅನ್ನುವುದಕ್ಕೆ ಉತ್ತರ ಬಾಗಿಲಲ್ಲೇ ನಿಂತಿದೆ ಅಲ್ವಾ?

ಮೇಲಿನಿಂದ ನೋಡಬೇಕು ಅಂದರೆ ಪೇತ್ರಿ ಚರ್ಚಿನ ಗೋಪುರ. ಲಿಫ್ಟ್ ಇದೆ, 50 ಮೀಟರ್ ಎತ್ತರಕ್ಕೆ ಬಿಡುತ್ತದೆ. ಗೋಪುರ ಹತ್ತುವ ಪ್ರವಾಸಿ ಊರುಗಳಲ್ಲಿ ಆಯಿಯಂಥವರಿಗೆ ಇದೊಂದು ವರ. ಐದು ಚರ್ಚು, ಏಳು ಮೊನಚು ಗೋಪುರ, ಕೆಂಪು ಮಾಡು, ಸುತ್ತಲೂ ನೀರು. ಇಲ್ಲಿ ಕಟ್ಟಲು ಕಲ್ಲು ಸಿಗುವುದಿಲ್ಲ, ಮಣ್ಣು ಸುಟ್ಟೇ ಎಲ್ಲ ಕಟ್ಟಿದ್ದಾರೆ. ನಮ್ಮ ಚಿರೆಕಲ್ಲಿನ ಬಣ್ಣವೇ.

ಮಾರಿಯೆನ್ ಚರ್ಚ್ ವರ್ತಕರು ತಮಗಾಗಿ ಕಟ್ಟಿಸಿಕೊಂಡದ್ದು. ಒಳಗಿನ ಇಟ್ಟಿಗೆಯ ಕಮಾನು 38.5 ಮೀಟರ್ ಎತ್ತರ. ಇಟ್ಟಿಗೆಯಲ್ಲಿ ಇದಕ್ಕಿಂತ ಎತ್ತರದ ಕಮಾನು ಜಗತ್ತಿನಲ್ಲಿ ಇಲ್ಲ. 1705ರಲ್ಲಿ ಇಪ್ಪತ್ತು ವರ್ಷದ ಸಂಗೀತಗಾರ ಬಾಕ್, ಇಲ್ಲಿನ ಆರ್ಗನ್ ವಾದಕ ಬುಕ್ಸ್‌ಟೆಹೂಡನ ವಾದನ ಕೇಳಲು ಆರ್ನ್‌ಸ್ಟಾಟ್‌ನಿಂದ ಸುಮಾರು 400 ಕಿಲೋಮೀಟರ್ ನಡೆದು ಬಂದನಂತೆ. ಆಯಿ ತನ್ನ ಮೊಣಕಾಲು ನೋಡಿಕೊಂಡಳು.

ದಕ್ಷಿಣದ ಗೋಪುರದ ಕೆಳಗೆ ಕಬ್ಬಿಣದ ಸರಳುಗಳ ಆಚೆ ಎರಡು ಗಂಟೆಗಳು ಬಿದ್ದಿವೆ. 1942ರ ಮಾರ್ಚ್ 28ರ ರಾತ್ರಿ ಬ್ರಿಟಿಷ್ ವಿಮಾನಗಳು ಬಾಂಬ್ ಹಾಕಿದಾಗ ಗೋಪುರಕ್ಕೆ ಬೆಂಕಿ ಹತ್ತಿ ಕೆಳಗೆ ಬಿದ್ದವು. ಬಿದ್ದ ಜಾಗದಲ್ಲೇ ಬಿಟ್ಟಿದ್ದಾರೆ. ಒಡೆದ ಅಂಚು, ಬಾಗಿದ ಕಂಚು, ಕೆಳಗೆ ಮುರಿದ ನೆಲ. ಫೋಟೋ ತೆಗೆಯಲು ಮೊಬೈಲ್ ಎತ್ತಿದವನು ಹಾಗೇ ಇಳಿಸಿದೆ.

ಅದೇ ಚರ್ಚಿನಲ್ಲಿ, ಏಸುವಿನ ಕೊನೆಯ ಊಟದ ಶಿಲ್ಪದ ಮೂಲೆಯಲ್ಲಿ ಒಂದು ಪುಟ್ಟ ಇಲಿ ಇದೆ. ಹುಡುಕದಿದ್ದರೆ ಕಾಣುವುದಿಲ್ಲ. ಜನ ಅದೃಷ್ಟಕ್ಕೆ ಅಂತ ಮುಟ್ಟಿ ಮುಟ್ಟಿ ಕಪ್ಪಗೆ ನುಣುಪಾಗಿದೆ. ಆಯಿ ಅದನ್ನು ಮುಟ್ಟಿ, ಸ್ವಲ್ಪ ಬಗ್ಗಿ, ಏನೋ ಪಿಸುಗುಟ್ಟಿದಳು. ಗಣಪತಿ ದೇವಸ್ಥಾನದಲ್ಲಿ ಇಲಿಯ ಕಿವಿಯಲ್ಲಿ ಹೇಳುವ ಹಾಗೆ. ಏನು ಕೇಳಿದೆ ಅಂದರೆ ಹೇಳಲಿಲ್ಲ. ನನ್ನ ಮದುವೆ ವಿಷಯವೇ ಇರಬೇಕು.

ಮಾರ್ಸಿಪಾನ್ ಇಲ್ಲದೆ ಲೂಬೆಕ್ ಇಲ್ಲ ಅನ್ನುತ್ತಾರೆ. ಟೌನ್‌ಹಾಲ್ ಎದುರಿಗೇ 1806ರಿಂದ ಇರುವ ನೀಡರೆಗ್ಗರ್ ಅಂಗಡಿ. ಬಾದಾಮಿ, ಸಕ್ಕರೆ, ಅಷ್ಟೇ. "ನಮ್ಮ ಬಾದಾಮಿ ಬರ್ಫಿಗೆ ತುಪ್ಪ ಮರೆತಿದ್ದು" ಅಂತ ಆಯಿಯ ತೀರ್ಪು. ಸಸ್ಯಾಹಾರಿಗಳಿಗೆ ಒಂದು ಮಾತು: ಬರೀ ಮಾರ್ಸಿಪಾನ್ ತೊಂದರೆಯಿಲ್ಲ, ಕೇಕ್ ರೂಪದ್ದರಲ್ಲಿ ಮೊಟ್ಟೆ ಇರುತ್ತದೆ, ಕೆಲವು ಚಾಕೊಲೇಟ್‌ಗಳಲ್ಲಿ ಮದ್ಯ. ಪೊಟ್ಟಣದ ಹಿಂದೆ ಓದಿಯೇ ಕೊಳ್ಳಿ.

ಊಟಕ್ಕೆ ಮತ್ತೆ ನದಿದಂಡೆಗೆ ಇಳಿದೆವು. ಕಲ್ಲು ಹಾಸಿದ ಇಳಿಜಾರು ರಸ್ತೆ ಆಯಿಗೆ ತ್ರಾಸಾಯಿತು. ತೆಳು ಅಟ್ಟೆಯ ಚಪ್ಪಲಿ ಹಾಕಿಸಿದ್ದು ನನ್ನದೇ ತಪ್ಪು. ಮತ್ತೆ ಹೋದರೆ ದಪ್ಪ ಶೂ. ಉಪ್ಪಿನ ಉಗ್ರಾಣಗಳ ಎದುರು ದಂಡೆಯಲ್ಲಿ ಕೂತು ಡಬ್ಬಿ ತೆಗೆದೆವು. ಮೊಸರನ್ನ, ಮಾವಿನ ಮಿಡಿ. ಒಂದು ತುತ್ತು ಬಾಯಿಗಿಟ್ಟ ಆಯಿ ನನ್ನ ಮುಖ ನೋಡಿದಳು.

"ಉಪ್ಪು ಹಾಕೂದೇ ಮರ್ತೋತು ತಮಾ."

ಎದುರಿಗೆ ಆರು ಉಗ್ರಾಣ. ಅದರಲ್ಲೊಂದರಲ್ಲಿ ಈಗ ಬಟ್ಟೆ ಅಂಗಡಿ. ಮಿಡಿಯ ರಸ ಕಲಸಿಕೊಂಡು ಉಂಡೆವು.

ಮಧ್ಯಾಹ್ನ ಓಣಿಗಳು. ಇವನ್ನು ಬಿಡಬೇಡಿ. ಊರು ತುಂಬಿದಾಗ ರಸ್ತೆ ಬದಿಯ ಮನೆಗಳ ಹಿತ್ತಲಲ್ಲಿ ಬಡವರಿಗೆ, ಕೂಲಿಯವರಿಗೆ ಪುಟ್ಟ ಮನೆಗಳನ್ನು ಕಟ್ಟಿದರು. ಒಳಗೆ ಹೋಗಲು ಮುಂದಿನ ಮನೆಯ ಹೊಟ್ಟೆಯೊಳಗೇ ಒಂದು ಕಿಂಡಿ. ಒಂದು ಶವಪೆಟ್ಟಿಗೆ ಹೊರಗೆ ತರುವಷ್ಟಾದರೂ ಅಗಲ ಇರಲೇಬೇಕಿತ್ತಂತೆ. ಸುಮಾರು 90 ಓಣಿಗಳು ಈಗಲೂ ಇವೆ. ತಲೆ ಬಗ್ಗಿಸಿ ನುಗ್ಗಿದರೆ ಆಚೆ ಗುಲಾಬಿ ಗಿಡ, ಬಿಳಿ ಗೋಡೆ, ಒಣಗಲು ಹಾಕಿದ ಬಟ್ಟೆ. ಥೇಟ್ ನಮ್ಮ ವಠಾರ. ಜನ ವಾಸ ಇರುವ ಮನೆಗಳು, ಕಿಟಕಿಯಲ್ಲಿ ಇಣುಕಬೇಡಿ, ಗಲಾಟೆ ಬೇಡ. ನಾವು ಎರಡು ಓಣಿ ನೋಡುವಷ್ಟರಲ್ಲಿ ಆಯಿಯ ಕಾಲು ಸೋತಿತು. ಮ್ಯೂಸಿಯಂಗಳನ್ನೆಲ್ಲ ಕೈಬಿಟ್ಟೆ. ಹಾನ್ಸಾ ಮ್ಯೂಸಿಯಂ ಒಂದಕ್ಕೇ ಅರ್ಧ ದಿನ ಬೇಕು, ಅದಕ್ಕೆ ನಾನೊಬ್ಬನೇ ಇನ್ನೊಮ್ಮೆ ಹೋಗುತ್ತೇನೆ.

ಟಿಕೆಟ್ ಇಡೀ ದಿನದ್ದು ಇತ್ತಲ್ಲ, ವಾಪಸ್ ಹೊರಡುವ ಬದಲು ಟ್ರಾವೆಮ್ಯುಂಡೆ ರೈಲು ಹತ್ತಿದೆವು. ನದಿ ಸಮುದ್ರ ಸೇರುವ ಜಾಗ, ಇಪ್ಪತ್ತು ನಿಮಿಷ. ಕೊನೆಯ ಸ್ಟೇಷನ್ನಿಗೆ ಬೀಚ್ ಅಂಟಿಕೊಂಡೇ ಇದೆ. ಆಚೆ ದಡದಲ್ಲಿ 1911ರ ನಾಲ್ಕು ಕಂಬದ ಹಾಯಿಹಡಗು ಪಾಸಾಟ್ ನಿಂತಿತ್ತು. ಆಯಿಗೆ ಹಡಗು ಬೇಡ. ಸೀರೆ ಸ್ವಲ್ಪ ಎತ್ತಿಕೊಂಡು ನೇರ ನೀರಿಗಿಳಿದಳು. ಎರಡು ವಾರದಿಂದ ಸಮುದ್ರ ನೋಡದೆ ಒದ್ದಾಡಿದ್ದಳೇನೋ. ಬೊಗಸೆಯಲ್ಲಿ ನೀರು ಎತ್ತಿ ಕಣ್ಣಿಗೆ ಒತ್ತಿಕೊಂಡಳು, ನಾಲಿಗೆಗೆ ಮುಟ್ಟಿಸಿದಳು. ಮುಖ ಸಿಂಡರಿಸಿ ಮತ್ತೊಮ್ಮೆ ಮುಟ್ಟಿಸಿದಳು.

"ಎಂತದೋ ಇದು, ಉಪ್ಪೇ ಇಲ್ಯಲ!"

ಹೌದು. ನಮ್ಮ ಅರಬ್ಬೀ ಸಮುದ್ರದಲ್ಲಿ ಲೀಟರಿಗೆ 35 ಗ್ರಾಂ ಉಪ್ಪು. ಬಾಲ್ಟಿಕ್‌ಗೆ ನದಿಗಳು ಸುರಿಯುವುದೇ ಜಾಸ್ತಿ, ಹೊರಸಮುದ್ರದ ನೀರು ಬರಲು ಇರುವುದು ಡೆನ್ಮಾರ್ಕ್ ಪಕ್ಕದ ಸಣ್ಣ ಸಂದು. ಹಾಗಾಗಿ ಇಲ್ಲಿ ಅದರ ಅರ್ಧವೂ ಇಲ್ಲ ಅನ್ನಿ. ಒಣಗಿಸೋಣ ಅಂದರೆ ಬಿಸಿಲೂ ಇಲ್ಲ. "ಅದಕ್ಕೇ ಆ ಉಗ್ರಾಣ" ಅಂದೆ. ಆಯಿ ತಲೆ ಆಡಿಸಿದಳು. ಬೊಗಸೆಯ ನೀರು ಚೆಲ್ಲಿ, ಸೆರಗಿಗೆ ಕೈ ಒರೆಸಿಕೊಂಡು, ಮೊಸರನ್ನ ಇನ್ನೂ ಉಳಿದಿದೆಯಾ ಅಂತ ಕೇಳಿದಳು.