ಹರಿಯುವ ಪೊರೆ ಕಟ್ಟಿದ ಮೇಲೆ ಟಿ ಕೋಶ ಬಳೆ ತೋರಿಸಿತು: ನನ್ನ ಅನುಭವ

“ಗಾಜಿಗೆ ಆಂಟಿ-ಸಿಡಿ3 ಬಳಿದರೆ ಸಾಕಲ್ವಾ, ಬೈಲೇಯರ್ ಯಾಕೆ?” ಲ್ಯಾಬಿನಲ್ಲಿ ಎಲ್ಲರೂ ಇದನ್ನೇ ಕೇಳಿದರು. ಬೈಲೇಯರ್ ಅಂದರೆ ಗಾಜಿನ ಮೇಲೆ ಕಟ್ಟುವ, ಅಣುಗಳು ಹರಿದಾಡಬಲ್ಲ ಎರಡು ಪದರದ ಲಿಪಿಡ್ (ಕೊಬ್ಬಿನಂಥ ಅಣು) ಪೊರೆ. ಆಂಟಿ-ಸಿಡಿ3 ಅಂದರೆ ರೋಗನಿರೋಧಕ ಟಿ ಕೋಶದ ಗ್ರಾಹಕಕ್ಕೆ, ಅಂದರೆ ಟಿಸಿಆರ್‌ಗೆ, ಅಂಟಿ ಕೋಶವನ್ನು ಎಬ್ಬಿಸುವ ಆಂಟಿಬಾಡಿ. ಬಳಿದ ಗಾಜಿನ ಮೇಲೂ ಟಿ ಕೋಶ ಚುರುಕಾಗುತ್ತದೆ, ಕ್ಯಾಲ್ಸಿಯಂ ಏರುತ್ತದೆ, ನಿಜ. ಆದರೆ ಅಲ್ಲಿ ಆಂಟಿಬಾಡಿ ಅಲುಗಾಡುವುದಿಲ್ಲ. ಅದನ್ನು ಹಿಡಿದ ಟಿಸಿಆರ್ ಕೂಡ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನನಗೆ ನೋಡಬೇಕಿದ್ದದ್ದು ಅವು ಓಡಿ ಜಾಗ ಹಿಡಿಯುವುದನ್ನು. ನಡುವೆ ಟಿಸಿಆರ್, ಸುತ್ತ ಎಲ್‌ಎಫ್‌ಎ-1 (ಕೋಶ ಅಂಟಿಕೊಳ್ಳಲು ಬಳಸುವ ಪ್ರೋಟೀನ್) ಬಳೆ. 1999ರಲ್ಲೇ ಬೈಲೇಯರ್ ಮೇಲೆ ಕಂಡ ಚಿತ್ರ. ನನ್ನ ಕೈಯಲ್ಲಿ ಬರಲು ಹದಿನಾಲ್ಕು ತಿಂಗಳು ಹಿಡಿಯಿತು.

ಮೊದಲ ಆರು ತಿಂಗಳು ಫ್ರಾಪ್‌ನಲ್ಲೇ ಸೋತೆ. ಪೊರೆ ಹರಿಯುತ್ತಿದೆಯೇ ಎಂದು ನೋಡುವ ಪರೀಕ್ಷೆ ಅದು: ಹೊಳೆಯುವ ಬಣ್ಣವನ್ನು ಒಂದು ಕಡೆ ಲೇಸರ್‌ನಿಂದ ಸುಟ್ಟರೆ, ಸುತ್ತಲಿನ ಅಣುಗಳು ಹರಿದು ಬಂದು ಆ ಜಾಗ ಮುಚ್ಚಬೇಕು. ಲೇಸರ್ ಸುಟ್ಟ ಕಪ್ಪು ಚುಕ್ಕೆ ಹತ್ತು ನಿಮಿಷವಾದರೂ ಮುಚ್ಚುತ್ತಿರಲಿಲ್ಲ. ಲಿಪಿಡ್ ಹಳತಾಗಿದೆ ಅಂದುಕೊಂಡು ಡಿಒಪಿಸಿ (ಪೊರೆಯ ಮುಖ್ಯ ಲಿಪಿಡ್), ನಿಕಲ್ ಲಿಪಿಡ್ (ಪ್ರೋಟೀನನ್ನು ಪೊರೆಗೆ ಹಿಡಿದಿಡುವ ಲಿಪಿಡ್) ಎರಡನ್ನೂ ಎರಡೆರಡು ಸಲ ತರಿಸಿದೆ. ಆ ವರ್ಷದ ಸಾಮಗ್ರಿ ಹಣದಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಅದಕ್ಕೇ ಹೋಯಿತು. ತಪ್ಪು ಇದ್ದದ್ದು ಗಾಜಿನಲ್ಲಿ. ಪಿರಾನಾದಲ್ಲಿ (ಗಂಧಕಾಮ್ಲ, ಹೈಡ್ರೋಜನ್ ಪೆರಾಕ್ಸೈಡ್ ಬೆರಕೆ) ತೊಳೆದು ರಾತ್ರಿಯಿಡೀ ಇಟ್ಟು ಮರುದಿನ ಬಳಸುತ್ತಿದ್ದೆ. ತೊಳೆದ ಗಂಟೆಯೊಳಗೇ ವೆಸಿಕಲ್ (ಗಾಜಿನ ಮೇಲೆ ಒಡೆದು ಪೊರೆಯಾಗಿ ಹರಡುವ ಪುಟ್ಟ ಲಿಪಿಡ್ ಗುಳ್ಳೆ) ಹಾಕಿದ ದಿನ ಚುಕ್ಕೆ ಒಂದೂವರೆ ನಿಮಿಷದಲ್ಲಿ ಮುಚ್ಚಿಕೊಂಡಿತು. ತೊಳೆಯುವಾಗ ಕೊನೆಯಲ್ಲಿ ಇನ್ನೊಂದು ಹಂತ ಸೇರಿಸಿದ್ದೇನೆ. ಪೇಪರ್ ಬರುವವರೆಗೆ ಅದು ನನ್ನ ಬಳಿಯೇ ಇರಲಿ.

ಆಮೇಲೆ ನಿಕಲ್. ಜಾಸ್ತಿ ಇದ್ದರೆ ಐಕ್ಯಾಮ್-1 (ಎಲ್‌ಎಫ್‌ಎ-1 ಹಿಡಿಯುವ ಪ್ರೋಟೀನ್) ಚೆನ್ನಾಗಿ ಕೂರುತ್ತದೆ ಅಂತ ಶೇಕಡ 12ರಷ್ಟು ಹಾಕಿದ್ದೆ. ಬೇಡದ್ದೆಲ್ಲ ಬಂದು ಅಂಟಿತು. ಶೇಕಡ 2–3ಕ್ಕೆ ಇಳಿಸಿ, ಹಾಲಿನ ಪ್ರೋಟೀನ್ ಕೇಸಿನ್ ಹಾಕಿ ಖಾಲಿ ಜಾಗ ಬ್ಲಾಕ್ ಮಾಡಿದ ಮೇಲೆ ಸರಿಹೋಯಿತು. ಬಫರ್ ಬದಲಿಸುವಾಗ ಗಾಳಿ ತಗುಲಿದರೆ ಪೊರೆ ಹೋಯಿತೆಂದೇ ಲೆಕ್ಕ. ಹಾಗೆ ಕಳೆದ ಚೇಂಬರ್ ನಲವತ್ತಕ್ಕೆ ಕಡಿಮೆ ಇಲ್ಲ.

ಜರ್ಕಟ್ ಕೋಶಗಳಲ್ಲಿ (ಲ್ಯಾಬಿನಲ್ಲಿ ಬೆಳೆಸುವ ಟಿ ಕೋಶ ತಳಿ) ಬಳೆ ಮಸುಕು ಮಸುಕಾಗಿತ್ತು. ರಕ್ತದಿಂದ ತೆಗೆದ ಟಿ ಕೋಶ ಹಾಕಿದಾಗ ಐದೇ ನಿಮಿಷದಲ್ಲಿ ಟಿಸಿಆರ್ ಚುಕ್ಕೆಗಳು ಅಂಚಿನಿಂದ ನಡುವಿಗೆ ಸರಿದು ಬಂದವು. ಅದಕ್ಕಿಂತ ಖುಷಿ ಕೊಟ್ಟದ್ದು ಸಿಡಿ45, ಪ್ರೋಟೀನಿನಿಂದ ಫಾಸ್ಫೇಟ್ ಕೀಳುವ ಕಿಣ್ವ. ಟಿಸಿಆರ್ ಕೊಂಡಿ ಬಿದ್ದ ಕಡೆ ಎರಡು ಪೊರೆಗಳ ನಡುವೆ 15 ನ್ಯಾನೋಮೀಟರ್ ಆಸುಪಾಸು ಜಾಗ ಇರುತ್ತದೆ. ಸಿಡಿ45 ಅದಕ್ಕಿಂತ ಎತ್ತರ, ಪಕ್ಕಕ್ಕೆ ಜರುಗುತ್ತದೆ. ಫಾಸ್ಫೇಟ್ ಕೀಳುವುದೇ ದೂರ ಹೋದರೆ ಎಲ್‌ಸಿಕೆ ಎಂಬ ಕಿಣ್ವ ಟಿಸಿಆರ್‌ಗೆ ಹಾಕಿದ ಫಾಸ್ಫೇಟ್ ಉಳಿದು ಸಂಕೇತ ಮುಂದುವರಿಯುತ್ತದಲ್ವಾ. ನನ್ನ ಚಿತ್ರಗಳಲ್ಲಿ ಚುಕ್ಕೆಗಳ ಜಾಗದಲ್ಲಿ ಸಿಡಿ45 ಬೆಳಕು ಸುಮಾರು ಮೂರನೇ ಒಂದು ಭಾಗ ಕಡಿಮೆ. ಬೈಲೇಯರ್ ಯಾಕೆ ಎಂದು ಕೇಳಿದವರೇ ಈಗ ತಮ್ಮ ವಿದ್ಯಾರ್ಥಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ.

ನಡುವೆ ಸುಮ್ನೆ ಕೋಶದ ಪೊರೆಯಿಂದ ಕೊಲೆಸ್ಟ್ರಾಲ್ ತೆಗೆದು ನೋಡಿದೆ. ಸೈಕ್ಲೋಡೆಕ್ಸ್‌ಟ್ರಿನ್ 10 ಮಿಲಿಮೋಲಾರ್ ಹಾಕಿದಾಗ ಕೋಶಗಳು ದುಂಡಗಾಗಿ ಎದ್ದುಬಂದವು. ಚುಕ್ಕೆಗಳು ಕಡಿಮೆಯಾದದ್ದು ಪೊರೆ ಬದಲಾದದ್ದಕ್ಕೋ ಕೋಶ ಸಾಯುತ್ತಿದ್ದದ್ದಕ್ಕೋ? ಆ ಫಲಿತಾಂಶ ಪಕ್ಕಕ್ಕಿಟ್ಟೆ. ಲ್ಯಾಟ್ರನ್‌ಕ್ಯುಲಿನ್ ಮಾತ್ರ ನೇರ ಉತ್ತರ ಕೊಟ್ಟಿತು. ಕೋಶದೊಳಗಿನ ಆಕ್ಟಿನ್ ಎಳೆಗಳನ್ನು ಕಳಚಿಸುವ ಔಷಧ ಅದು. ಆಕ್ಟಿನ್ ಕಳಚುತ್ತಿದ್ದಂತೆ ನಡುವಿಗೆ ಹೊರಟಿದ್ದ ಚುಕ್ಕೆಗಳು ದಾರಿಯಲ್ಲೇ ನಿಂತವು. ಫ್ರಾಪ್ ನೋಡಿದೆ, ಕೆಳಗಿನ ಪೊರೆ ಮೊದಲಿನಂತೆಯೇ ಹರಿಯುತ್ತಿತ್ತು.